ಬಾಸ್ಟನ್ನಿನ ಮೀನು, ಶ್ರೀರಂಗಪಟ್ಟಣದ ಸಾರು

ಮೈಸೂರಿನಿಂದ ಬಾಸ್ಟನ್ನಿಗೆ ಹೊರಟಿರುವ ನೀವು, ಕಟ್ಲಾ ಮತ್ತು ಜಿಲೇಬಿ ಮೀನನ್ನಷ್ಟೇ ಬೇಯಿಸಿ ಬಲ್ಲ ಕೈಗೆ ಇಲ್ಲಿನ ಕಡಲ ಮೀನು ಒಗ್ಗೀತೇ, ಸಾರಿಗೆ ಬೇಕಾದ ಸಾಮಾನನ್ನೆಲ್ಲ ಹೊತ್ತು ತರಬೇಕೇ ಎಂದು ಕೇಳಿದ್ದೀರಿ. ನಾನೂ ಶ್ರೀರಂಗಪಟ್ಟಣದವಳು, ಕಾವೇರಿಯ ಮೀನು ತಿಂದು ಬೆಳೆದವಳು. ರಾಗಿಹಿಟ್ಟು, ಹುಣಸೆಹಣ್ಣು, ಹುರುಳಿಕಾಳು ಇಲ್ಲಿನ ಭಾರತೀಯ ದಿನಸಿ ಅಂಗಡಿಗಳಲ್ಲಿ ಸಿಗುತ್ತವೆ; ಮನೆಯಲ್ಲಿ ಮಾಡಿದ ಸಾರಿನ ಪುಡಿಯೊಂದನ್ನು ತಂದರೆ ಸಾಕು.

ಬದಲಾಗಬೇಕಾದದ್ದು ಸಾಮಾನಲ್ಲ, ಬೇಯಿಸುವ ಹೊತ್ತು. ಇಲ್ಲಿ ಹೆಚ್ಚಾಗಿ ಸಿಗುವ ಕಾಡ್ ಮತ್ತು ಹ್ಯಾಡಕ್ ಮೀನುಗಳಲ್ಲಿ ಕೊಬ್ಬು ಕಡಿಮೆ, ಮಾಂಸ ಎಸಳೆಸಳಾಗಿ ಬಿಡಿಸಿಕೊಳ್ಳುವಂಥದ್ದು. ಕಟ್ಲಾದಂತೆ ಹುಳಿಯಲ್ಲಿ ಕುದಿಯಲು ಬಿಟ್ಟರೆ ತುಂಡುಗಳೆಲ್ಲ ಸಾರಿನಲ್ಲೇ ಕರಗಿಹೋಗುತ್ತವೆ. ಆದ್ದರಿಂದ ಮಸಾಲೆಯ ಹಸಿ ವಾಸನೆ ಪೂರ್ತಿ ಹೋಗುವವರೆಗೆ ಬರಿ ಸಾರನ್ನು ಕುದಿಸಿ, ಕೊನೆಯ ಐದಾರು ನಿಮಿಷಕ್ಕೆ ಮೀನನ್ನು ಬಿಟ್ಟು, ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲುಗಿಸಿ. ಮುಳ್ಳು ತೆಗೆದ ತುಂಡುಗಳಿಂದ ಸಾರಿಗೆ ಬರುವ ರುಚಿ ಅಷ್ಟಕ್ಕಷ್ಟೇ. ಮೀನಿನಂಗಡಿಯಲ್ಲಿ ತಲೆ ಮತ್ತು ಮೂಳೆಯನ್ನು ಕೇಳಿ ಪಡೆದು, ಮೊದಲು ಅವನ್ನು ಬೇಯಿಸಿ ಸೋಸಿದ ನೀರಿನಲ್ಲೇ ಸಾರು ಮಾಡಿ.

ಕಾಡ್ ಎಂದರೆ ಈ ರಾಜ್ಯಕ್ಕೆ ಬಲು ಅಭಿಮಾನ. ವರ್ತಕರೊಬ್ಬರು 1784ರಲ್ಲಿ ಕೊಟ್ಟ, ಸುಮಾರು ಐದಡಿ ಉದ್ದದ ಮರದ ಕಾಡ್ ಇಂದಿಗೂ ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ ತೂಗುತ್ತಿದೆ. 1933ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಅದನ್ನು ಕದ್ದೊಯ್ದದ್ದೂ ಉಂಟು! ಕಡಲಿನ ಕಾಡ್ ಮಾತ್ರ ಅತಿಯಾದ ಮೀನುಗಾರಿಕೆಯಿಂದ ಬಹಳ ಕಡಿಮೆಯಾಗಿದೆ. ನಾನು ಹೆಚ್ಚಾಗಿ ಹ್ಯಾಡಕ್ಕನ್ನೇ ತರುತ್ತೇನೆ.

ನಿಮ್ಮನ್ನು ನಿಜವಾಗಿ ತಡೆಯಬಹುದಾದದ್ದು ಚೌಡರ್ ಎಂಬ ಇಲ್ಲಿನ ಸೂಪು. ಕ್ಲ್ಯಾಮ್ ಎಂಬ ಚಿಪ್ಪುಮೀನು, ಆಲೂಗಡ್ಡೆ, ಈರುಳ್ಳಿಗೆ ಹಾಲು ಅಥವಾ ಕೆನೆ ಸೇರಿಸಿ ಅದನ್ನು ಮಾಡುತ್ತಾರೆ. ಮೀನಿನೊಡನೆ ಹಾಲು ಸೇರಿದರೆ ತೊನ್ನು ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಗೆ ಬರುವುದಿಲ್ಲ, ಬರುವುದಾಗಿದ್ದರೆ ಈ ಕರಾವಳಿಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಪಕ್ಕದ ರೋಡ್ ಐಲೆಂಡ್ ರಾಜ್ಯದ ತಿಳಿ ಚೌಡರ್ ಹುಡುಕಿ. ಅದರಲ್ಲಿ ಹಾಲೂ ಇಲ್ಲ, ಟೊಮೆಟೊವೂ ಇಲ್ಲ, ಕ್ಲ್ಯಾಮ್ ಬೆಂದ ಉಪ್ಪು ರಸವೇ ಅದರ ಜೀವಾಳ, ಮತ್ತು ಉಪ್ಸಾರು ಉಂಡ ನಾಲಿಗೆಗೆ ನನ್ನ ಮಟ್ಟಿಗೆ ಅದೇ ಮೇಲು. ಎಲ್ಲ ಬಗೆಯ ಚೌಡರಿಗೂ ಹಂದಿಯ ಕೊಬ್ಬಿನ ಒಗ್ಗರಣೆ ಹಾಕುವ ರೂಢಿಯಿರುವುದರಿಂದ, ನೀವು ತಿನ್ನುವುದಿಲ್ಲವಾದರೆ ಮೊದಲೇ ಕೇಳಿ. ಮನೆಯಲ್ಲಿ ಮಾಡುವಾಗ, ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದ ಹಸಿ ಕ್ಲ್ಯಾಮನ್ನೂ ಬೆಂದ ಮೇಲೂ ತೆರೆಯದ ಕ್ಲ್ಯಾಮನ್ನೂ ಎಸೆದುಬಿಡಿ.

ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಮೀನುಗಾರರ ಊರಿದೆ. ಅಲ್ಲಿ ನೆಲೆಸಿದ ಪೋರ್ಚುಗೀಸ್ ಮೂಲದವರು ಕೇಲ್ ಎಂಬ ಸೊಪ್ಪು, ಆಲೂಗಡ್ಡೆ ಮತ್ತು ಹಂದಿಮಾಂಸದ ಸಾಸೇಜ್ ಹಾಕಿ ಸೂಪು ಮಾಡುತ್ತಾರೆ. ನಾನು ಸಾಸೇಜ್ ಬಿಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಬೇಯಿಸಿದ ಹುರುಳಿ ಸೇರಿಸಿ ಮಾಡುತ್ತೇನೆ. ಚಳಿಗಾಲದಲ್ಲಿ ಮುದ್ದೆಗೆ ನಮ್ಮ ಮನೆಯಲ್ಲಿ ಅದೇ ಸಾರು.