ಚೀಟಿಯಲ್ಲಿ ‘ಬೇಡ’ ಬಂತು

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಬೋರ್‌ವೆಲ್ ಕೊರೆಸಲು ನನ್ನ ಬಳೆ ಅಡವಿಡೋಣ ಎನ್ನುತ್ತಾರೆ ಇವರು. ಅಮ್ಮ ಕೊಟ್ಟ ಬಳೆ ಅದು. ದೇವರ ಮುಂದೆ ಚೀಟಿ ಹಾಕಿ ಮಗಳ ಕೈಯಲ್ಲಿ ಎತ್ತಿಸಿದೆ. ‘ಬೇಡ’ ಎಂದೇ ಬಂತು. ಇವರು ನಗುತ್ತಾರೆ. ನಮ್ಮ ಬುದ್ಧಿಗಿಂತ ದೇವರ ಅಪ್ಪಣೆ ದೊಡ್ಡದಲ್ಲವೇ ಮಾಷ್ಟ್ರೇ?
– ಓದುಗರೊಬ್ಬರು, ಪೆರ್ಲ

ಉತ್ತರ: ದೊಡ್ಡದೇ ತಂಗೀ. ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಳ್ಳದೆ ನಾನೂ ಯಾವ ಕೆಲಸಕ್ಕೂ ಕೈಹಾಕುವವನಲ್ಲ. ಆದರೆ ಚೀಟಿಯ ವಿಷಯದಲ್ಲಿ ನನಗೊಂದು ಪೆಟ್ಟು ಬಿದ್ದಿದೆ.

ನೀರಿಗಾಗಿಯೇ ಚೀಟಿ ಹಾಕಿದ್ದೆ. ‘ಸುರಂಗ’ ಎಂದು ಬಂತು (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಡ್ಡ ತೋಡುವ ಬಿಲ). ಮನೆಯ ಹಿಂದಿನ ಗುಡ್ಡದಲ್ಲಿ ತೋಡಿಸಲು ಶುರು ಮಾಡಿದೆ. 30 ಕೋಲು ಒಳಗೆ ಹೋದರೂ (ಕೋಲು ಅಂದರೆ ಎರಡೂವರೆ ಅಡಿಯ ಆಸುಪಾಸು) ಮುರಕಲ್ಲು ಒಣ ಒಣ. ತೋಡುವವರು ‘ಸಾಕು ಮಾಷ್ಟ್ರೇ’ ಎಂದರು. ‘ಅಪ್ಪಣೆ ಆಗಿದೆ, ಇನ್ನೊಂದು 10 ಕೋಲು ಹೋಗಲಿ’ ಎಂದೆ. ಅವರು ಜಗಳ ಮಾಡಲಿಲ್ಲ. ನನ್ನನ್ನೇ ಒಳಗೆ ಕರೆದುಕೊಂಡು ಹೋದರು. ತುದಿಯಲ್ಲಿ, ಗೋಡೆಗೆ ಕೊರೆದ ಸಣ್ಣ ಗೂಡಿನಲ್ಲಿ ಮೇಣದಬತ್ತಿ ಇತ್ತು. ಅದರ ಕುಡಿ ಹೆಸರುಕಾಳಿನಷ್ಟಾಗಿತ್ತು. ‘ಗಾಳಿ ಸಾಲುತ್ತಿಲ್ಲ. ಇದು ಆರಿದರೆ ನಾನೂ ಆರಿದ ಹಾಗೆ. ಅಪ್ಪಣೆ ಆದದ್ದು ನಿಮಗೆ, ನನಗಲ್ಲ’ ಎಂದರು. ಹೊರಗೆ ಬಂದಾಗ ನನ್ನ ಅಂಗಿ ಒದ್ದೆ. ಬೆವರು, ನೀರಲ್ಲ!

ಚೀಟಿ ಬರೆದವನು ನಾನು. ‘30 ಕೋಲಿಗೆ ನಿಲ್ಲಿಸು’ ಎಂಬ ಚೀಟಿ ನಾನು ಬರೆದೇ ಇರಲಿಲ್ಲ. ಪಾಪ, ದೇವರಾದರೂ ಅದನ್ನು ಹೇಗೆ ಎತ್ತಿಸುವುದು? ಗುಡ್ಡ ಬಲ್ಲವರ ಬಾಯಿಂದ ಹೇಳಿಸಿದ. ಗೀತೆಯ 18ನೇ ಅಧ್ಯಾಯ ತೆಗೆದು ನೋಡಿ. ‘ಇದನ್ನೆಲ್ಲ ಚೆನ್ನಾಗಿ ವಿಚಾರ ಮಾಡು, ಮತ್ತೆ ನಿನಗೆ ಬೇಕಾದಂತೆ ಮಾಡು’ ಎಂದು ಕೃಷ್ಣ ಹೇಳುವುದು 63ನೇ ಶ್ಲೋಕದಲ್ಲಿ. ‘ನನಗೊಬ್ಬನಿಗೇ ಶರಣಾಗು’ ಎನ್ನುವುದು ಅದಾದ ಮೇಲೆ, 66ರಲ್ಲಿ.

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಸಂಕಟ ಬೋರ್‌ವೆಲ್‌ನದ್ದಲ್ಲ, ಬಳೆಯದ್ದು ಅಲ್ವಾ? ಅದನ್ನು ಯಜಮಾನರ ಹತ್ತಿರ ಬಾಯಿಬಿಟ್ಟು ಹೇಳಿದ್ದೀರಾ? ‘ದೇವರು ಬೇಡ ಅಂದರು’ ಎಂದರೆ ಅವರಿಗೆ ನಗು ಬರಬಹುದು. ‘ಅಮ್ಮನ ಬಳೆ ವಾಪಸ್ ಬಾರದಿದ್ದರೆ ಅಂತ ಹೆದರಿಕೆ’ ಎಂದರೆ ನಗಲಿಕ್ಕಿಲ್ಲ. ಕೊರೆಸುವುದೇ ಆದರೆ ಮೊದಲು ಭೂಜಲ ಇಲಾಖೆಯವರಿಗೆ ಜಾಗ ತೋರಿಸಿ. ಅಲ್ಲಿಗೆ ಇಬ್ಬರೂ ಒಟ್ಟಿಗೆ ಹೋಗಿ.

ನನ್ನ ಸುರಂಗದಲ್ಲಿ ಈಗ ಬಾವಲಿಗಳಿವೆ. ತೋಡಿದವರೇ ಗುಡ್ಡದ ಇನ್ನೊಂದು ಬದಿ, ಬೇಸಿಗೆಯಲ್ಲೂ ಹಸಿರಾಗಿದ್ದ ಒಂದು ಜಾಗ ತೋರಿಸಿದ್ದರು. ಅಲ್ಲಿ 22 ಕೋಲಿಗೆ ನೀರು ಸಿಕ್ಕಿತು. ಕಿರುಬೆರಳಿನಷ್ಟು ದಪ್ಪ, ಅಷ್ಟೇ. ಮೊದಲ ತಂಬಿಗೆ ದೇವರಿಗೆ ಇಟ್ಟೆವು. ಎರಡನೆಯದನ್ನು ಅವರು ನಿಂತಲ್ಲೇ ಗಟಗಟ ಕುಡಿದರು.