ಪಕ್ಕದ ಗದ್ದೆಯ ಕದಿರು

ಆಪ್ತಸಲಹೆ ಪ್ರಕರಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.

ಕಾವೇರಿ ಸಂಕ್ರಮಣ ಕಳೆದ ವಾರ ಅವರು ಬಂದರು. ಬಂದರು ಅನ್ನುವುದಕ್ಕಿಂತ ಹೆಂಡತಿ ಕರೆತಂದರು. ಸೇನೆಯಿಂದ ಸುಬೇದಾರರಾಗಿ ನಿವೃತ್ತರು, ವಯಸ್ಸು ಅರವತ್ತರ ಆಚೆ. ಮಡಿಕೇರಿ ತಾಲ್ಲೂಕಿನ ಒಂದು ಅರೆಭಾಷೆ ಗೌಡ ಕುಟುಂಬದ ಹಿರಿಯರು. ಕುರ್ಚಿಯ ತುದಿಯಲ್ಲಿ ಕೂತು, "ಡಾಕ್ಟ್ರೇ, ನನಗೇನೂ ಇಲ್ಲ, ಇವಳಿಗೆ ಸುಮ್ಮನೆ ಹೆದರಿಕೆ" ಎಂದರು. ನಾನು ಡಾಕ್ಟರಲ್ಲ ಎಂದು ಐದು ಭೇಟಿಯಲ್ಲೂ ಹೇಳಿದೆ. ಐದರಲ್ಲೂ ಡಾಕ್ಟ್ರೇ ಆಗಿಯೇ ಉಳಿದೆ.

ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಹೇಳಿದ್ದು ಬೇರೆ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಸಂಜೆಯ ಒಂದು ಪೆಗ್ ಈಗ ಮೂರಾಗಿದೆ. ಹೊಸ ಭತ್ತದ ಕದಿರನ್ನು ಮನೆಗೆ ತರುವ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಷ್ಟೂ ಮಾತು ಕಡಿಮೆ, ಸಿಟ್ಟು ಜಾಸ್ತಿ. ಹಿಂದಿನ ವರ್ಷ ಬೆಂಗಳೂರಿನಲ್ಲಿರುವ ತಮ್ಮನ ಸೊಸೆ ವಿಡಿಯೋ ಕಾಲ್ ಮಾಡಿ, "ದೊಡ್ಡಮಾವ, ಈ ಸಲ ರಜೆ ಸಿಗಲಿಲ್ಲ, ಇಲ್ಲಿ ಸಂಘದಲ್ಲೇ ಕದಿರು ಕೊಡ್ತಾರೆ" ಎಂದಳಂತೆ. ಇವರು "ನಿನಗೆ ಮನೆತನ ಅಂತ ಒಂದಿದೆಯೋ ಇಲ್ಲವೋ" ಎಂದು ಕೂಗಿ ಫೋನ್ ಇಟ್ಟರು. ಅಂದಿನಿಂದ ಆ ಮನೆಯವರು ಮಾತು ಬಿಟ್ಟಿದ್ದಾರೆ.

ಕೊಡಗಿನಲ್ಲಿ ಒಂದು ಪ್ರಶ್ನೆ ಕೇಳದೆ ನಾನು ಮುಂದೆ ಹೋಗುವುದಿಲ್ಲ: ಮನೆಯಲ್ಲಿ ಕೋವಿ ಇದೆಯಾ? ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಜಿಲ್ಲೆ ಇದು. ಕೋವಿ ಇಲ್ಲಿ ದೇವರ ಕೋಣೆಯಷ್ಟೇ ಸಹಜ. ನಿದ್ದೆಗೆಟ್ಟು, ಕುಡಿತ ಹೆಚ್ಚಿಸಿಕೊಂಡು, ಸಿಟ್ಟಿನಲ್ಲಿರುವ ಮನುಷ್ಯನ ಕೈಗೆ ಅದು ಎಟುಕುವುದು ಬೇರೆ ಮಾತು. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. "ಹಾಗೆಲ್ಲ ಇಲ್ಲ" ಎಂದರು, ನನ್ನ ಕಣ್ಣು ನೋಡಿಯೇ. ಆದರೂ ಕೋವಿಯ ಬೀರಿನ ಬೀಗದ ಕೈ ಅಕ್ಕನ ಬಳಿ ಇರಲಿ ಎಂದೆ. ಅವಮಾನ ಆದಂತೆ ಮುಖ ಮಾಡಿದರು, ಆಮೇಲೆ ಜೇಬಿನಿಂದ ತೆಗೆದು ಕೊಟ್ಟರು. ರಕ್ತದೊತ್ತಡ ಮತ್ತು ನಿದ್ದೆಯ ವಿಷಯಕ್ಕೆ ಜಿಲ್ಲಾಸ್ಪತ್ರೆಯ ವೈದ್ಯರಿಗೆ ಚೀಟಿ ಬರೆದೆ. ರಾತ್ರಿ ಹೊತ್ತು ಬೇಕಾದರೆ ಇರಲಿ ಎಂದು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅಕ್ಕನ ಫೋನಿನಲ್ಲಿ ಉಳಿಸಿಕೊಟ್ಟೆ.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಕೃತಜ್ಞತೆಯ ಪುಸ್ತಕ ಬರೆಯಲು ಹೇಳಿದೆ. ಇದಕ್ಕೆ ಆಧಾರ ಇಲ್ಲದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗದಲ್ಲಿ, ಹತ್ತು ವಾರ ಕಾಲ ವಾರಕ್ಕೊಮ್ಮೆ ಐದರವರೆಗೆ ಒಳ್ಳೆಯ ಸಂಗತಿಗಳನ್ನು ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಆದರೆ ಆ ಪ್ರಯೋಗದಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು. ನನ್ನೆದುರು ಕೂತವರು ಗದ್ದೆ ಕಳೆದುಕೊಂಡವರು. ಅದು ಆಗ ನನಗೆ ಇನ್ನೂ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ.

ವಾರ ಬಿಟ್ಟು ಪುಸ್ತಕ ತಂದರು. ದಿನಾಂಕ ಹಾಕಿ, ಗೆರೆ ಎಳೆದು, ರೇಷನ್ ಪಟ್ಟಿಯ ಹಾಗೆ: "1. ಪಿಂಚಣಿ ಒಂದನೇ ತಾರೀಕು ಬರುತ್ತದೆ. 2. ಕಣ್ಣು ಚೆನ್ನಾಗಿದೆ. 3. ಹೆಂಡತಿ." ಏಳೂ ದಿನ ಇದೇ ಮೂರು. "ಹೇಳಿದ್ದೀರಿ, ಮಾಡಿದ್ದೇನೆ. ಆದರೆ ಡಾಕ್ಟ್ರೇ, ಹೊಟ್ಟೆನೋವು ಅಂದವನಿಗೆ ಕೈಕಾಲು ಸರಿಯಿದೆಯಲ್ಲ, ಖುಷಿಪಡು ಅಂದ ಹಾಗಾಯ್ತು ಇದು." ಮಗ ಕೂಡ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಅದನ್ನೇ ಕಳಿಸುತ್ತಾನಂತೆ.

ಪುಸ್ತಕ ಮುಚ್ಚಿಟ್ಟು, ಹೊಟ್ಟೆನೋವು ಎಲ್ಲಿ ಎಂದು ಕೇಳಿದೆ. ಆಗ ಗದ್ದೆ ಬಂತು.

2018ರ ಆಗಸ್ಟ್ ಮಳೆಯಲ್ಲಿ ಮೇಲಿನ ಗುಡ್ಡ ಜಾರಿತು. ಐನ್‌ಮನೆ, ಅಂದರೆ ಕುಟುಂಬದ ಮೂಲ ಮನೆ, ಉಳಿಯಿತು, ಜೀವಗಳೂ ಉಳಿದವು. ಮನೆ ಕೆಳಗಿನ ಗದ್ದೆಯ ಮೇಲೆ ಕಲ್ಲು, ಮರಳು, ಬುಡಮೇಲಾದ ಮರ ಬಂದು ಕೂತವು. ಆಮೇಲೆ ಅಲ್ಲಿ ನಾಟಿ ಆಗಿಲ್ಲ. ಹುತ್ತರಿಗೆ ಕದಿರು ತೆಗೆಯಲು ಸ್ವಂತ ಗದ್ದೆ ಇಲ್ಲ. ದೇವಸ್ಥಾನದಿಂದ ನಾಲ್ಕು ಕದಿರು ತಂದು ಮನೆಗೆ ಕಟ್ಟುತ್ತಾರೆ. "ಕಡ ತಂದ ಕದಿರಿಗೆ ಪೊಲಿ ಪೊಲಿ ದೇವಾ ಅಂತ ಹೇಗೆ ಕೂಗೋದು? ನಾಲಿಗೆ ಏಳೋದಿಲ್ಲ." ಇಷ್ಟು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಸತ್ತವರಿರುವ ಊರುಗಳ ಎದುರು ಗದ್ದೆಗಾಗಿ ಅಳುವುದು ನಾಚಿಕೆ ಅನ್ನಿಸಿತ್ತು.

ಪಾಲಿನ್ ಬಾಸ್ ಎಂಬ ಸಂಶೋಧಕಿ ಇಂಥ ನಷ್ಟವನ್ನು ಅಸ್ಪಷ್ಟ ನಷ್ಟ ಎನ್ನುತ್ತಾರೆ. ಹೋಗಿದೆ ಎನ್ನಲಾಗದು, ಇದೆ ಎನ್ನಲೂ ಆಗದು. ತಿಥಿ ಇಲ್ಲ, ಸೂತಕ ಇಲ್ಲ, ಹಾಗಾಗಿ ದುಃಖಕ್ಕೆ ಕೊನೆಯ ದಿನವೂ ಇಲ್ಲ. ಗದ್ದೆ ಅಲ್ಲೇ ಇದೆ, ಪಹಣಿಯಲ್ಲಿಯೂ ಇದೆ. ತಮ್ಮನ ಮನೆಯವರು ಬದುಕಿದ್ದಾರೆ, ಬರುವುದಿಲ್ಲ. ಸೊಸೆಯ ಮೇಲೆ ಸುರಿದ ಸಿಟ್ಟು ಗುಡ್ಡದ ಮೇಲಿನದು ಎಂದು ಅವರಿಗೇ ಹೊಳೆಯಲು ಆ ಇಡೀ ಗಂಟೆ ಬೇಕಾಯಿತು.

ಮುಂದಿನ ಸಲ ಇಬ್ಬರಿಗೂ ಒಂದೇ ಕೆಲಸ ಕೊಟ್ಟೆ. ಮನಸ್ಸಿಗೆ ಹತ್ತಿರವಾದ ಒಂದು ಹುತ್ತರಿಯನ್ನು, ಒಂದೇ ಒಂದನ್ನು, ಕೈ ಏನು ಮಾಡುತ್ತಿತ್ತು, ಮೂಗಿಗೆ ಏನು ಬಂತು ಅನ್ನುವವರೆಗೆ ಹೇಳಬೇಕು.

ಅವರು ಮದುವೆಯಾದ ಮೊದಲ ವರ್ಷದ ಹುತ್ತರಿ ಹೇಳಿದರು. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಿಂದ ಬಂದ ಮುಹೂರ್ತ, ಅರಳಿ ಮಾವಿನ ಎಲೆ ಸೇರಿಸಿ ನೆರೆ ಎಂಬ ಕಟ್ಟು ಕಟ್ಟುವುದು, ಬೆಳದಿಂಗಳಲ್ಲಿ ಗದ್ದೆಗೆ ಇಳಿಯುವ ಸಾಲು, ಅಪ್ಪನ ಕೈಯ ಕುಡುಗೋಲು, ಕದಿರು ತೆಗೆಯುವಾಗ ಹಾರಿಸುವ ಗುಂಡಿನ ಸದ್ದು ಗುಡ್ಡಕ್ಕೆ ಬಡಿದು ವಾಪಸಾದದ್ದು. ನಲವತ್ತೆರಡು ಜನ. ಎಣಿಸಿದ್ದರು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಲವತ್ತೆರಡು ಜನ. ನನಗೆ ನೆನಪಿರೋದು ಪಾತ್ರೆ" ಎಂದರು. ಬಾಳೆಹಣ್ಣು ಹಿಸುಕಿ, ಹುರಿದ ಅಕ್ಕಿಹಿಟ್ಟು ಕಲಸಿ ತಂಬಿಟ್ಟು ಮಾಡಿ ಮಾಡಿ ಮೊಣಕೈ ತನಕ ಅಂಟು. ಗೆಣಸು ಬೇಯಿಸಿದ ಹಂಡೆ. ಊಟ ಬಡಿಸಿ ಮುಗಿಯುವಾಗ ಕಾಲು ಸೋತುಹೋಗಿತ್ತು. ಗಂಡ ಅವರನ್ನೇ ನೋಡುತ್ತ ಕೂತರು. ನಲವತ್ತು ವರ್ಷದಲ್ಲಿ ಇದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

"ಆದರೆ ಒಂದು ಇದೆ" ಎಂದು ಅಕ್ಕ ಮುಂದುವರಿಸಿದರು. ಎಲ್ಲರೂ ಗದ್ದೆಗೆ ಹೋಗಿದ್ದಾಗ ಮನೆಯಲ್ಲಿ ಉಳಿದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಕದಿರು ಹೊತ್ತು ಬರುವವರ ಕಾಲಿಗೆ ನೀರು, ಕೈಗೆ ಹಾಲು ಸಿದ್ಧ ಮಾಡಬೇಕು. ಅದಕ್ಕೆ ಮುಂಚೆ ಅತ್ತೆ ಎರಡು ಲೋಟ ಬೆಲ್ಲದ ಕಾಫಿ ಮಾಡಿ, ಒಂದನ್ನು ಇವರ ಕೈಗಿತ್ತು, "ಕೂತ್ಕೋ, ಬರೋದು ತಡ ಇದೆ" ಎಂದರಂತೆ. ಒಲೆ ಮುಂದೆ ಇಬ್ಬರೂ ಮಾತಿಲ್ಲದೆ ಕುಡಿದರು. ದೂರದಲ್ಲಿ ಗುಂಡು ಕೇಳಿಸಿತು. "ನನ್ನ ಹುತ್ತರಿ ಅಷ್ಟೇ."

ನಾನು ಏನೂ ವ್ಯಾಖ್ಯಾನ ಕೊಡಲಿಲ್ಲ. ಕೊಡಬೇಕು ಅನ್ನಿಸಿದ್ದು ನಿಜ.

ಸಲಹೆ ಅಂತ ಕೊಟ್ಟದ್ದು ಸಣ್ಣ ಸಣ್ಣದು. ಬರುತ್ತೀರಾ ಇಲ್ಲವಾ ಎಂದು ಕೇಳುವುದನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿ ಎಂದೆ. ಕಾಫಿ ಕೊಯ್ಲಿನ ದಿನಗಳು, ತೋಟದಲ್ಲಿ ಆಳುಗಳನ್ನು ಬಿಟ್ಟು ಬರುವುದು ಕಷ್ಟ, ಆದರೆ ನೆರೆ ಕಟ್ಟುವ ಎಲೆ ತರುವ ಹುಡುಗ ಎಲೆಯ ನೆಪದಲ್ಲಾದರೂ ಬರುತ್ತಾನೆ. ತಂಬಿಟ್ಟಿನ ಹಿಟ್ಟು ಗಂಡಸರು ಕಲಸಲಿ. ಅಡುಗೆ ಅರ್ಧಕ್ಕೆ ಇಳಿಸಿ. ಸಂಜೆ ಒಂದಕ್ಕಿಂತ ಹೆಚ್ಚು ಪೆಗ್ ಬೇಡ, ಹಬ್ಬದ ದಿನ ಅದೂ ಊಟದ ನಂತರ. ತಮ್ಮನ ಸೊಸೆಗೆ ಕ್ಷಮೆ ಕೇಳುವುದಾದರೆ "ಆದರೆ ನೀನೂ" ಎಂಬುದು ಬರಕೂಡದು. ಈ ಕೊನೆಯದಕ್ಕೆ ಮೂರು ದಿನ ತೆಗೆದುಕೊಂಡರು. ಕಳಿಸಿದ ಸಂದೇಶ ಒಂದೇ ಸಾಲು: "ಕೂಗಿದ್ದು ತಪ್ಪು ಮಗಳೇ." ನಾನು ಹೇಳಿಕೊಟ್ಟದ್ದು ಇದಕ್ಕಿಂತ ಉದ್ದ ಇತ್ತು, ಇದು ಚೆನ್ನಾಗಿದೆ.

ಗದ್ದೆಯ ವಿಷಯಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಪಕ್ಕದವರ ಗದ್ದೆಯಲ್ಲಿ ಈಗಲೂ ಭತ್ತ ಇದೆ ಎಂದು ಮಾತಿನ ನಡುವೆ ಬಂದಿತ್ತು, ಒಮ್ಮೆ ಹೋಗಿ ಕೇಳಿ ನೋಡಿ ಎಂದೆ ಅಷ್ಟೆ. ಸುಬೇದಾರರು ಅಂಗಳದ ತನಕ ಹೋಗಿ ಎರಡು ಸಲ ವಾಪಸಾದರಂತೆ. ಮೂರನೇ ಸಲ ಆ ಮನೆಯ ಹುಡುಗನೇ, ಮೂವತ್ತು ಮೂವತ್ತೈದರವನು, ಎದುರು ಬಂದ. ಅಪ್ಪ ಹೋದ ಮೇಲೆ ಅವನ ಮನೆಯಲ್ಲಿ ಶಾಸ್ತ್ರ ಗೊತ್ತಿರುವವರು ಯಾರೂ ಇಲ್ಲ, ಎರಡು ವರ್ಷದಿಂದ ಫೋನ್ ನೋಡಿಕೊಂಡು ಕದಿರು ತೆಗೆಯುತ್ತಿದ್ದಾನೆ. "ಅಜ್ಜ, ನೀವೇ ಬಂದು ತೆಗೀತೀರಾ?" ಎಂದು ಇವರನ್ನೇ ಕೇಳಿದ.

ಹಬ್ಬಕ್ಕೆ ಬಂದವರು ಹನ್ನೊಂದು ಜನ. ತಮ್ಮನ ಸೊಸೆ ಬರಲಿಲ್ಲ, ಗಂಡನ ಕೈಯಲ್ಲಿ ತುಪ್ಪ ಕಳಿಸಿದ್ದಳು. ಬೀಗದ ಕೈಯನ್ನು ಅಕ್ಕ ಆ ಸಂಜೆ ತಾವೇ ಕೊಟ್ಟರು, ಗುಂಡು ಹಾರಿಸಿ ಬಂದ ಮೇಲೆ ಕೇಳದೆಯೇ ವಾಪಸ್ ಬಂತು. ಮೂರು ಗಂಟೆಗೆ ಎಚ್ಚರವಾಗುವುದು ಇನ್ನೂ ಪೂರ್ತಿ ನಿಂತಿಲ್ಲ, ವೈದ್ಯರ ಮಾತ್ರೆ ನಡೆಯುತ್ತಿದೆ.

ಐದನೇ ಭೇಟಿಗೆ ಆ ಪುಸ್ತಕವನ್ನು ನಾನು ಹೇಳದೆಯೇ ತಂದಿದ್ದರು. ಹಳೆಯ ಪಟ್ಟಿಯ ಕೆಳಗೆ ಗೆರೆಯೆಳೆದು ಹೊಸದಾಗಿ ಬರೆದದ್ದು ಇಷ್ಟು: "ರಾತ್ರಿ 11:30. ಎಲ್ಲರೂ ಮಲಗಿದ ಮೇಲೆ ಒಲೆ ಮುಂದೆ ಬೆಲ್ಲದ ಕಾಫಿ, ಇಬ್ಬರಿಗೆ. ನಾನೇ ಮಾಡಿದೆ. ಪಾತ್ರೆ ತೊಳೆದೆ. ಎರಡು ಉಳಿಯಿತು."

ಅಕ್ಕ ಕನ್ನಡಕ ಏರಿಸಿ ಓದಿದರು. "ನಾಲ್ಕು ಉಳಿದಿತ್ತು" ಎಂದರು.