ಬೀಳದೇನೇ ಮೂಳೆ ಮುರಿಯುತ್ತಾ ಡಾಕ್ಟ್ರೇ?

ಪ್ರಶ್ನೆ: ಅಮ್ಮಂಗೆ 68 ವರ್ಷ. 2 ವರ್ಷದ ಹಿಂದೆ ಜಾರಿ ಕೈ ಊರಿ ಮಣಿಕಟ್ಟು ಮುರ್ಕೊಂಡಿದ್ರು, ಪ್ಲಾಸ್ಟರ್ ಹಾಕ್ಸಿದ್ವಿ, ಸರಿಹೋಯ್ತು. ಈಗ 3 ತಿಂಗಳಿಂದ ಬೆನ್ನುನೋವು, ವಯಸ್ಸಾಯ್ತಲ್ಲ ಅಂತ ಎಲ್ರೂ ಸುಮ್ನಿದ್ವಿ, ಎಕ್ಸ್‌ರೇ ತೆಗೆಸಿದ್ರೆ ಬೆನ್ನುಮೂಳೆ ಫ್ರಾಕ್ಚರ್ ಅಂತೆ. ಅವ್ರು ಬಿದ್ದೇ ಇಲ್ಲ, ನೀರಿನ ಬಕೆಟ್ ಎತ್ತಿದ್ರು ಅಷ್ಟೇ. ಇದು ಅಪರೂಪದ ಕಾಯಿಲೆನಾ? ನಂಗೂ 46, ಭಯ ಆಗ್ತಿದೆ.

ಉತ್ತರ: ಅಪರೂಪ ಅಲ್ವೇ ಅಲ್ಲಮ್ಮ, ತುಂಬಾನೇ ಸಾಮಾನ್ಯ. ಪ್ರಪಂಚದಲ್ಲಿ 50 ದಾಟಿದ ಹೆಂಗಸರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಉಳಿದ ಆಯಸ್ಸಲ್ಲಿ ಒಂದು ಸಲನಾದ್ರೂ ಈ ಟೊಳ್ಳುಮೂಳೆಯ (ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆದು ಟೊಳ್ಳಾಗೋ ಕಾಯಿಲೆ) ಫ್ರಾಕ್ಚರ್ ಆಗುತ್ತೆ, ಗಂಡಸರಲ್ಲಿ 5ರಲ್ಲಿ ಒಬ್ಬರಿಗೆ. ಮುಟ್ಟು ನಿಂತ ಮೇಲೆ ಮೂಳೆ ಕಾಯೋ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತೆ, ಹಳೇ ಮೂಳೆ ಕರಗೋ ವೇಗಕ್ಕೆ ಹೊಸದು ಕಟ್ಟೋದು ಸಾಲಲ್ಲ, ಮೊದಲ 5ರಿಂದ 7 ವರ್ಷದಲ್ಲೇ ಕೆಲವರಿಗೆ ಮೂಳೆಸಾಂದ್ರತೆ ಶೇ. 20ರಷ್ಟರವರೆಗೂ ಕಮ್ಮಿ ಆಗ್ಬಿಡುತ್ತೆ, ಒಂಚೂರೂ ನೋವಿಲ್ದೇ.

ಬೆನ್ನುಮೂಳೆದು ಮುರಿಯೋದಕ್ಕಿಂತ ಕುಸಿಯೋದು ಅನ್ನಿ. ಬಗ್ಗಿದ್ರೆ, ಭಾರ ಎತ್ತಿದ್ರೆ, ಕೆಲವೊಮ್ಮೆ ಕೆಮ್ಮಿದ್ರೂ ಸಾಕು. ಇಂಥ 3ರಲ್ಲಿ 2 ಫ್ರಾಕ್ಚರ್ ಆ ಹೊತ್ತಿಗೆ ಯಾರಿಗೂ ಗೊತ್ತೇ ಆಗಲ್ಲ, ಬೆನ್ನುನೋವು ಅಂತ ಎಣ್ಣೆ ತಿಕ್ಕೊಂಡು ಮಲಗ್ತಾರೆ, ಆಮೇಲೆ ಎತ್ತರ ಕಮ್ಮಿ ಆಗುತ್ತೆ, ಬೆನ್ನು ಬಾಗುತ್ತೆ, ಅದನ್ನೂ ವಯಸ್ಸಿನ ಲೆಕ್ಕಕ್ಕೇ ಬರೀತೀವಿ.

ನಂಗೆ ನಿಜಕ್ಕೂ ಸಂಕಟ ಆಗಿದ್ದು ನಿಮ್ಮ ಕಾಗದದ ಮೊದಲನೇ ಸಾಲು ಓದಿ. ನಿಂತ ಎತ್ತರದಿಂದ ಬಿದ್ದು 66ನೇ ವಯಸ್ಸಲ್ಲಿ ಮಣಿಕಟ್ಟು ಮುರೀತು ಅಂದ್ರೆ ಅವತ್ತೇ ಮೂಳೆ ಟೆಸ್ಟ್ ಮಾಡಿಸ್ಬೇಕಿತ್ತು, ಯಾಕಂದ್ರೆ ಒಂದು ಸಲ ಹೀಗೆ ಮುರಿದವರಿಗೆ ಮತ್ತೆ ಮುರಿಯೋ ಅಪಾಯ ಹೆಚ್ಚುಕಮ್ಮಿ 2 ಪಟ್ಟು. ತಪ್ಪು ನಿಮ್ಮದಲ್ಲ, ಪ್ಲಾಸ್ಟರ್ ಹಾಕಿ ಕಳಿಸೋರು ಆ ಮಾತು ಹೇಳ್ಬೇಕಿತ್ತು.

ಈಗ ತಡ ಮಾಡ್ಬೇಡಿ. ಬೆನ್ನುಮೂಳೆ ಕುಸಿದವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ವರ್ಷದೊಳಗೇ ಇನ್ನೊಂದು ಕುಸಿಯುತ್ತೆ. ಸೊಂಟದ ಹತ್ರ ತೊಡೆಮೂಳೆ ಮುರಿದ್ರಂತೂ ತುಂಬಾ ಜನ ಮೊದಲಿನ ಹಾಗೆ ಓಡಾಡೋಕೇ ಆಗಲ್ಲ, ವರ್ಷದೊಳಗೆ ಜೀವ ಹೋಗೋರೂ ಕಮ್ಮಿ ಏನಿಲ್ಲ. ಮೂಳೆಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಅದರಲ್ಲಿ ಬರೋ ಟಿ-ಸ್ಕೋರ್ (ಆರೋಗ್ಯವಾಗಿರೋ ಯುವತಿಯರ ಮೂಳೆಗೆ ಹೋಲಿಸಿ ಕೊಡೋ ಅಂಕ) -2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಆದ್ರೆ ಅಮ್ಮಂಗೆ ಬೆನ್ನುಮೂಳೆನೇ ಕುಸಿದಿರೋದ್ರಿಂದ ನಂಬರ್ ಸ್ವಲ್ಪ ಚೆನ್ನಾಗಿ ಬಂದ್ರೂ ಔಷಧಿ ಬಗ್ಗೆ ಡಾಕ್ಟರ್ ಹತ್ರ ಮಾತಾಡ್ಲೇಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬೇಕು, ಆದ್ರೆ ಇಷ್ಟು ಮುಂದೆ ಹೋದಮೇಲೆ ಅದೊಂದೇ ಸಾಲಲ್ಲ. ವಾರಕ್ಕೊಂದು ಮಾತ್ರೆ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಲಿ ತುಂಬಾ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರ್ದು, ವರ್ಷಕ್ಕೊಂದು ಡ್ರಿಪ್ ಇದೆ, 6 ತಿಂಗಳಿಗೊಂದು ಇಂಜೆಕ್ಷನ್ನೂ ಇದೆ, ಈ ಇಂಜೆಕ್ಷನ್ ಮಾತ್ರ ಡಾಕ್ಟರನ್ನ ಕೇಳದೆ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ಬೆನ್ನುಮೂಳೆ ಸಾಲಾಗಿ ಕುಸಿಯೋ ಅಪಾಯ ಇದೆ. ಮನೇಲಿ ರಾತ್ರಿ ಲೈಟ್ ಇರ್ಲಿ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿ.

ನಿಮ್ಮ ವಿಷಯಕ್ಕೆ ಬಂದ್ರೆ, ಮುಟ್ಟು 45ರೊಳಗೇ ನಿಂತಿದ್ಯಾ, ಸ್ಟೆರಾಯ್ಡ್ ಮಾತ್ರೆ 3 ತಿಂಗಳಿಗಿಂತ ಜಾಸ್ತಿ ತಗೊಂಡಿದ್ದೀರಾ, ತೂಕ ತೀರಾ ಕಮ್ಮಿನಾ? ಒಂದಕ್ಕಾದ್ರೂ ಹೌದು ಅಂದ್ರೆ, ಅಮ್ಮನ ಜೊತೆ ಹೋದಾಗ ನಿಮ್ಮದನ್ನೂ ಕೇಳಿ ಬನ್ನಿ. ಇಲ್ಲಾಂದ್ರೆ ಸದ್ಯಕ್ಕೆ ದಿನಾ ಚುರುಕಾಗಿ ನಡೀರಿ, ಸ್ವಲ್ಪ ಭಾರ ಎತ್ತೋ ವ್ಯಾಯಾಮ ಮಾಡಿ, ಇವತ್ತಿನ ಎತ್ತರ ಅಳೆದು ಬರೆದಿಟ್ಕೊಳ್ಳಿ.